ಮಗನ ಹಿಂದೆ ಜಾವಗಲ್ ರಸ್ತೆಯಲ್ಲಿ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪನವರು ಸೈಕಲ್ ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ, 1938ರ ಬೇಸಿಗೆಯಲ್ಲಿ. ಊರವರು ನಕ್ಕರು. "ತೋಟಕ್ಕೆ ಹೋಗಿ ಬರಕ್ಕೆ ಸಲೀಸು," ಎಂದು ಅವರು ಸಬೂಬು ಹೇಳುತ್ತಿದ್ದರು. ನಿಜವಾದ ಕಾರಣ ಮಗ ಇಂದುಧರ.

ಹುಡುಗನಿಗೆ ಹದಿನೇಳು ತುಂಬಿತ್ತು, ಹೈಸ್ಕೂಲು ಮುಗಿದಿತ್ತು. ಚಿಕ್ಕವನಿದ್ದಾಗ ಸಂತೆಗೆ ಗಾಡಿ ಕಟ್ಟಿದರೆ ದಾರಿಯುದ್ದಕ್ಕೂ ಅಪ್ಪನ ತಲೆ ತಿನ್ನುತ್ತಿದ್ದವನು, ಈಗ "ಹೂಂ" ಎಂದರೆ ಅದೇ ದೊಡ್ಡ ಮಾತು. ಸಂಜೆಯಾದರೆ ಸೈಕಲ್ ಹತ್ತಿ ಒಬ್ಬನೇ ಜಾವಗಲ್ ರಸ್ತೆ ಹಿಡಿಯುತ್ತಿದ್ದ. ಮರುಳಪ್ಪನವರು ತಮ್ಮ ಕೊಬ್ಬರಿ ಮಂಡಿಯ ಬಾಗಿಲಲ್ಲಿ ನಿಂತು, ಆ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು.

"ಬೆಳೆದ ಹುಡುಗ ಕಣ್ರೀ, ಬಿಡಿ," ಎಂದರು ಹೆಂಡತಿ ಗುರುಸಿದ್ದಮ್ಮ.

"ಬಿಟ್ಟೇ ಇದೀನಿ. ಆದ್ರೆ ಅವನ ದನಿನೇ ಮರ್ತೋಗಂಗೈತೆ ಕಣೇ."

ಬಾಡಿಗೆ ಸೈಕಲ್ ತಂದು, ಒಣಗಿದ ಕೆರೆಯಂಗಳದಲ್ಲಿ ಹದಿನೈದು ದಿನ ಬಿದ್ದೆದ್ದರು. ಮೊಣಕಾಲು ತರಚಿತು. ಪಂಚೆ ಚೈನಿಗೆ ಸಿಕ್ಕಿ ಹರಿಯಿತು. ಕೊನೆಗೊಂದು ಸಂಜೆ ಮಗನ ಹಿಂದೆಯೇ ಹೊರಟರು.

ಇಂದುಧರ ತಿರುಗಿ ನೋಡಿದ. ನೋಡಿ ಇನ್ನೂ ಜೋರಾಗಿ ತುಳಿದ. ಇಳಿಜಾರಿನಲ್ಲಿ ಮರುಳಪ್ಪನವರಿಗೆ ಬ್ರೇಕು ಕೈಗೆ ಸಿಗಲಿಲ್ಲ. ಸೈಕಲ್ ಸಮೇತ ಕತ್ತಾಳೆ ಬೇಲಿಗೆ ನುಗ್ಗಿದರು. ಸದ್ದು ಕೇಳಿ ಹುಡುಗ ವಾಪಸು ಓಡಿಬಂದ.

"ಪೆಟ್ಟಾಯ್ತಾ ಅಪ್ಪಯ್ಯ? ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ?"

"ನಿನ್ ಜೊತೆ ಬರಣ ಅಂತ ಕಣೋ."

ಹ್ಯಾಂಡಲು ಸೊಟ್ಟಗಾಗಿತ್ತು. ಇಬ್ಬರೂ ಸೈಕಲ್ ತಳ್ಳಿಕೊಂಡು ಊರ ಕಡೆ ನಡೆದರು. ಅರ್ಧ ಮೈಲಿ ಕಳೆದ ಮೇಲೆ ಹುಡುಗನೇ ಬಾಯಿಬಿಟ್ಟ.

"ನಾನು ಮಂಡೀಲಿ ಕೂರಲ್ಲ ಅಪ್ಪಯ್ಯ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿಗೆ ಅರ್ಜಿ ಹಾಕಿದೀನಿ. ಇಂಜಿನ್ ಕೆಲಸ ಕಲೀಬೇಕು. ನಿಮಗೆ ಹೆಂಗೆ ಹೇಳದು ಅಂತ..."

ಮೂರು ತಲೆಮಾರಿನ ಮಂಡಿ. 'ಮೈಗೆ ಮಸಿ ಬಳ್ಕಂಡು ಕೂಲಿ ಮಾಡ್ತೀಯೇನೋ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈಗ ಅದನ್ನು ಆಡಿದರೆ ಹುಡುಗ ಮತ್ತೆಂದೂ ಬಾಯಿಬಿಡಲಾರ ಎನಿಸಿ ನುಂಗಿಕೊಂಡರು.

"ಆ ಇಂಜಿನ್ನಿಗೆ ಅಷ್ಟು ಕಸುವು ಎಲ್ಲಿಂದ ಬತ್ತೈತೋ?" ಎಂದರು.

ಇಂದುಧರ ಹೇಳತೊಡಗಿದ. ಬೆಂಕಿ, ಹಬೆ, ಗಾಲಿ ಎಂದು ಊರು ಮುಟ್ಟುವವರೆಗೂ ಹೇಳುತ್ತಲೇ ಇದ್ದ. ಮರುಳಪ್ಪನವರಿಗೆ ಅರ್ಧ ತಿಳಿಯಲಿಲ್ಲ. ದನಿ ಗಂಡಸಿನದಾಗಿಬಿಟ್ಟಿದೆಯಲ್ಲ, ಯಾವಾಗ ಆಯಿತು ಎಂದುಕೊಳ್ಳುತ್ತ ಕೇಳಿದರು.

ಆಷಾಢದಲ್ಲಿ ವರ್ಕ್‌ಶಾಪಿನಿಂದ ಕರೆ ಬಂತು. ಹುಡುಗ ಹುಬ್ಬಳ್ಳಿ ರೈಲು ಹತ್ತಿದ. ಮನೆಯಲ್ಲಿ ಅವನ ತಟ್ಟೆ ಗೂಡಿನಲ್ಲೇ ಉಳಿಯಿತು. ತಿಂಗಳಾದ ಮೇಲೆ ಕಾಗದ ಬಂತು: ಅವ್ವನಿಗೆ ಎರಡು ಸಾಲು, ಅಪ್ಪನಿಗೆ ಎರಡು ಪುಟ. ಅದರ ತುಂಬ ವಾಲ್ವು, ಪಿಸ್ಟನ್ನು.

ಮರುಳಪ್ಪನವರು ಕಾಗದ ಹಿಡಿದು ಸ್ಟೇಷನ್ನಿಗೆ ಹೋದರು. ಇಂಜಿನ್ ಡ್ರೈವರ್ ಗಂಗಾಧರಯ್ಯನವರನ್ನು ಚಹಾಕ್ಕೆ ಕೂರಿಸಿ, ಒಂದೊಂದೇ ಪದದ ಅರ್ಥ ಕೇಳಿ ತಿಳಿದುಕೊಂಡರು. ಮನೆಗೆ ಬಂದು ಉತ್ತರ ಬರೆಯಲು ಕೂತರು.

"ಯಾವಾಗ ಬತ್ತಾನೆ ಅಂತ ಕೇಳಿ," ಎಂದರು ಗುರುಸಿದ್ದಮ್ಮ, ಕಣ್ಣೊರೆಸಿಕೊಳ್ಳುತ್ತ.

ಅವರಿಗೂ ಕೇಳಬೇಕಿದ್ದುದು ಅದೊಂದೇ. ಆದರೆ ಲೇಖನಿ ಹಿಡಿದು, ಹಬೆ ಹೆಚ್ಚಾದರೆ ವಾಲ್ವು ತಾನಾಗಿಯೇ ತೆರೆಯುತ್ತದೆಯೋ, ಯಾರಾದರೂ ತೆರೆಯಬೇಕೋ, ವಿವರವಾಗಿ ಬರೆ ಮಗು, ಎಂದು ಬರೆದರು.