ರೆಫ್ರಿಯ ಅವ್ವ ಮೈದಾನಕ್ಕೆ ಬಂದಿದ್ದು

ಆಗೆಲ್ಲ ನಮ್ಮ ಹೊಸದುರ್ಗದ ಮಕ್ಕಳು ಮಗ್ಗಿ ಕಲಿಯುತ್ತಿದ್ದದ್ದು ಶಾಲೆಯಲ್ಲಿ, ಬೈಗುಳ ಕಲಿಯುತ್ತಿದ್ದದ್ದು ಫುಟ್‌ಬಾಲ್ ಮೈದಾನದಲ್ಲಿ. ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ ಅಂತಲ್ಲ. ಮನೆಯ ಬೈಗುಳಕ್ಕೆ ಒಂದು ಅಳತೆ ಇತ್ತು. ಮೈದಾನದ್ದು ಕನ್ನಡ, ಉರ್ದು, ತೆಲುಗು ಮೂರೂ ಕಲೆತು, ಒಂದೇ ಉಸಿರಿನಲ್ಲಿ ಎದುರಿನವನ ಇಡೀ ಮನೆತನವನ್ನು ಸುತ್ತಿ ಬರುತ್ತಿತ್ತು. ನಿಮ್ಮೂರಲ್ಲೂ ಅಂಥದೊಂದು ಮೈದಾನ ಇದ್ದಿರಬೇಕು, ನೀವೂ ಅದರ ಅಂಚಿನಲ್ಲಿ ನಿಂತು ಅರ್ಥ ಗೊತ್ತಿಲ್ಲದ ಮಾತುಗಳನ್ನು ಬಾಯಿಪಾಠ ಮಾಡಿರಬೇಕು.

ಚಳಿ ಶುರುವಾಗಿ ಸಂತೆಗೆ ಅವರೆಕಾಯಿ ಬರುವ ಹೊತ್ತಿಗೆ ಪಂದ್ಯಗಳು ಶುರುವಾಗುತ್ತಿದ್ದವು. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗದ ಹುಡುಗರ ತಂಡಗಳು. ಗೋಲು ಕಂಬಕ್ಕೆ ಬಲೆ ಇರಲಿಲ್ಲ. ಚೆಂಡು ಕಂಬದ ಒಳಗೆ ಹೋಯಿತೋ ಪಕ್ಕದಲ್ಲಿ ಹೋಯಿತೋ ಎಂಬುದೇ ಅರ್ಧ ಜಗಳ. ಸುಣ್ಣದ ಗೆರೆ ಎಳೆದರೆ ಗುಡ್ಡದ ಕಡೆಯ ಗಾಳಿ ಬಂದು ಮಧ್ಯಾಹ್ನದೊಳಗೆ ಅಳಿಸುತ್ತಿತ್ತು. ಪಕ್ಕದ ಕೊಬ್ಬರಿ ಮಂಡಿಯಿಂದ ಒಣ ಮಟ್ಟೆಯ ವಾಸನೆ, ಗೇಟಿನ ಬಳಿ ಮಂಡಕ್ಕಿ ಕಲೆಸುವವನ ಬಾಂಡಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಬೇಯುವ ವಾಸನೆ. ಆ ಖಾರದಲ್ಲಿ ಬಾಯಿ ಉರಿಯುತ್ತಿರುವವನು ಬೈಯದೆ ಇನ್ನೇನು ಮಾಡುತ್ತಾನೆ?

ನನ್ನ ಅಪ್ಪ ಆ ಪಂದ್ಯಗಳ ರೆಫರಿ. ಊರಿನ ಬಾಯಲ್ಲಿ ರೆಫ್ರಿ. ಅಪ್ಪನಿಗೆ ದೇವರ ಪಟ, ಮದುವೆ ಫೋಟೋಗಳಿಗೆ ಕಟ್ಟು ಹಾಕುವ ಚಿಕ್ಕ ಅಂಗಡಿ ಇತ್ತು. ಕಾಲೇಜಿನಲ್ಲಿ ಚೆನ್ನಾಗಿ ಆಡುತ್ತಿದ್ದನಂತೆ. ಮಂಡಿಗೆ ಪೆಟ್ಟಾದ ಮೇಲೆ ಆಟ ಬಿಟ್ಟು ಸೀಟಿ ಹಿಡಿದ. ರೆಫ್ರಿಯನ್ನು ಬೈಯುವವರು ರೆಫ್ರಿಯನ್ನು ಬೈಯುವುದಿಲ್ಲ, ಅವನ ತಾಯಿಯನ್ನು ಬೈಯುತ್ತಾರೆ. ಆ ತಾಯಿ, ಅಂದರೆ ನನ್ನ ಅಜ್ಜಿ, ನಮ್ಮ ಮನೆಯಲ್ಲೇ ಇದ್ದಳು. ಹಾಲುರಾಮೇಶ್ವರದ ಕಡೆಯ ಹಳ್ಳಿಯವಳು. ಮೈದಾನದ ಸಂಗತಿ ಅವಳಿಗೇನೂ ಗೊತ್ತಿರಲಿಲ್ಲ. ಪಂದ್ಯ ಮುಗಿಸಿ ಬಂದ ಅಪ್ಪನನ್ನು ಪ್ರತಿ ಸಲವೂ ಕೇಳುತ್ತಿದ್ದಳು.

"ಏನಂದ್ರೋ ಜನ?"

"ಏನಂತಾರವ್ವ, ನಿನ್ನೇ ನೆನೆಸ್ಕಂಡ್ರು."

"ನನ್ನ ಯಾಕಪ್ಪ ನೆನೆಸ್ಕಂತಾರೆ?"

"ಇಂಥ ಮಗನ್ನ ಹೆತ್ತಳಲ್ಲ ಅಂತ."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು. ಅಜ್ಜಿಯ ಮುಖ ಮಾತ್ರ ಎಣ್ಣೆ ಹಾಕಿದ ದೀಪದಂತೆ ಬೆಳಗುತ್ತಿತ್ತು.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಕೊನೆಯ ಪಂದ್ಯ ಹೊಸದುರ್ಗಕ್ಕೂ ಹಿರಿಯೂರಿಗೂ ಬಿತ್ತು. ಹಿಂದಿನ ವರ್ಷವೂ ಇದೇ ಎರಡು ತಂಡ. ಆಗ ಅಪ್ಪ ಹಿರಿಯೂರಿಗೆ ಪೆನಾಲ್ಟಿ ಕೊಟ್ಟಿದ್ದಕ್ಕೆ ನಮ್ಮೂರಿನವರೇ ಮೈದಾನಕ್ಕೆ ನುಗ್ಗಿದ್ದರು, ಕಲ್ಲು ಬಿದ್ದು ಅಪ್ಪನ ಹುಬ್ಬಿಗೆ ಹೊಲಿಗೆ ಹಾಕಿಸಬೇಕಾಯಿತು. ಅಜ್ಜಿಗೆ ಮಾತ್ರ ಚೆಂಡು ತಾಗಿತೆಂದು ಹೇಳಿದ್ದ. ಆಟ ಅಲ್ಲಿಗೇ ನಿಂತಿತು, ಕಪ್ ಯಾರಿಗೂ ಸಿಗಲಿಲ್ಲ. ಈ ಸಲ ಹಿರಿಯೂರಿನವರು ಅದೇ ರೆಫ್ರಿ ಇರಲಿ ಎಂದರು. ಅಮ್ಮ ಬೇಡವೇ ಬೇಡ ಎಂದಳು. ಅಪ್ಪ ಶೂ ಕಟ್ಟಿಕೊಳ್ಳುತ್ತಾ, "ಈ ಸಲ ಆಟ ಪೂರ್ತಿ ಮುಗಿಸ್ತೀನಿ. ಆಗ್ಲಿಲ್ಲ ಅಂದ್ರೆ ಇವತ್ತೇ ಸೀಟಿ ಬಿಸಾಕ್ತೀನಿ" ಎಂದ.

ಅಜ್ಜಿ ಆಗಲೇ ಮಡಚಿಟ್ಟ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ಅಷ್ಟೊಂದು ನೆನೆಸ್ಕಂತಾರೆ ಅಂದ್ಮೇಲೆ ಒಂದಿನ ಮಖ ತೋರ್ಸಿ ಬರ್ಬೇಕಲ್ಲ. ನಡಿಯೇ, ಹೋಗಾಣ."

ಅಪ್ಪ ಏನೇನೋ ಹೇಳಿದ. ಬಿಸಿಲು ಅಂದ, ಧೂಳು ಅಂದ. ಅಜ್ಜಿ ನನ್ನ ಕೈ ಹಿಡಿದು ಹೊರಟೇಬಿಟ್ಟಳು.

ಮೈದಾನದ ಬದಿಯ ನೀರಿನ ತೊಟ್ಟಿಯ ಕಟ್ಟೆ ಮೇಲೆ ಕುಳಿತೆವು. ಮೊದಲು ಅಜ್ಜಿಗೆ ಎಲ್ಲವೂ ಬೆರಗು. ಇಷ್ಟು ಎತ್ತರದ ಗಂಡಸರು ಚಡ್ಡಿ ಹಾಕಿಕೊಂಡು ಓಡುವುದು, ನಡುವೆ ತನ್ನ ಮಗ ಊದಿದ ಕೂಡಲೇ ಎಲ್ಲರೂ ನಿಂತುಬಿಡುವುದು. "ನೋಡೇ, ಹೆಂಗೆ ಮಾತು ಕೇಳ್ತಾರೆ!" ಎಂದು ನನ್ನ ತೊಡೆ ಚಿವುಟಿದಳು. ಅಷ್ಟರಲ್ಲಿ ಅಪ್ಪ ನಮ್ಮ ತಂಡದ ವಿರುದ್ಧ ಒಂದು ಫೌಲ್ ಊದಿದ. ಬಸ್‌ಸ್ಟ್ಯಾಂಡಿನ ಎಳನೀರಿನ ಸೀನ ತನ್ನ ತಳ್ಳುಗಾಡಿಯ ಮೇಲೆ ಹತ್ತಿ ನಿಂತಿದ್ದ. ಇಡೀ ಮೈದಾನದಲ್ಲಿ ಅವನದೇ ದೊಡ್ಡ ಗಂಟಲು.

"ಏ ರೆಫ್ರಿ, ನಿಮ್ಮವ್ವನ್..."

ಮುಂದಿನದನ್ನು ಬರೆಯಲಾರೆ. ಸೀನ ಎತ್ತಿಕೊಟ್ಟಿದ್ದನ್ನು ಉಳಿದವರು ಭಜನೆಯಂತೆ ಹಿಂದಿನಿಂದ ಹೇಳಿದರು. ಅಜ್ಜಿ ಬಾಯಿಗೆ ಹಾಕಿಕೊಳ್ಳಲಿದ್ದ ಮಂಡಕ್ಕಿಯನ್ನು ಪೊಟ್ಟಣಕ್ಕೆ ವಾಪಸ್ ಹಾಕಿದಳು.

"ಇದೇನೇ, ನೆನೆಸ್ಕಳಾದು ಅಂದ್ರೆ?"

ನಾನು ತಲೆ ತಗ್ಗಿಸಿ "ಹೂಂ ಅಜ್ಜಿ" ಎಂದೆ. ಅವಳು ಅಳುತ್ತಾಳೆಂದುಕೊಂಡೆ. ಅಜ್ಜಿ ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಳಿಸಿಹೋದ ಸುಣ್ಣದ ಗೆರೆಯ ಗುಂಟ ನೇರ ಸೀನನ ಗಾಡಿಯ ಕಡೆ ನಡೆದಳು. ನಾನು ಹಿಂದೆ ಓಡಿದೆ.

"ಇಳಿಯಪ್ಪ ಕೆಳಗೆ."

"ಯಾಕಜ್ಜಿ, ಎಳನೀರು ಬೇಕಾ?"

"ಎಳನೀರು ಆಮೇಲೆ. ನಾನು ರೆಫ್ರಿ ಅವ್ವ. ಕರೆದ್ಯಲ್ಲ, ಬಂದೀನಿ. ಏನ್ ಹೇಳು."

ಸೀನ ಇಳಿಯಲು ಹೋಗಿ ಕಾಲು ಜಾರಿ, ನಾಲ್ಕಾರು ಎಳನೀರನ್ನೂ ಉರುಳಿಸಿಕೊಂಡು ನೆಲಕ್ಕೆ ಬಂದ.

"ಅಲ್ಲಜ್ಜಿ... ಅದು ನಿಮಗಂದಿದ್ದಲ್ಲ."

"ಮತ್ಯಾರಿಗೆ? ಅವನಿಗೆ ನಾನೊಬ್ಳೇ ಅವ್ವ."

ಹಿಂದೆ ಯಾರೋ ಕಿಸಕ್ಕೆಂದರು. ಅಜ್ಜಿ ನಗಲಿಲ್ಲ.

"ನಿಮ್ಮವ್ವ ಎಲ್ಲೈದಾಳೆ?"

"ಮನ್ಯಾಗೆ ಐದಾಳಜ್ಜಿ."

"ಏನ್ ಮಾಡ್ತಿರ್ತಾಳೆ ಈಗ?"

"ಮುದ್ದೆಗೆ ಎಸರಿಡ್ತಿರ್ತಾಳೆ."

"ನಾನೂ ಮನೆಗೋಗಿ ಅದೇ ಮಾಡೋಳು. ನೋಡ್ರಪ್ಪ, ಬೈಬ್ಯಾಡ್ರಿ ಅನ್ನಲ್ಲ. ತಪ್ಪು ಊದಿದ್ರೆ ಬೈಯ್ರಿ. ಅವನ ಕಣ್ಣು ಬೈಯ್ರಿ, ಕಾಲು ಬೈಯ್ರಿ, ಆ ಪೀಪಿ ಬೈಯ್ರಿ. ಒಲೆ ಮುಂದೆ ಕುಂತೋಳು ನಾನೇನ್ ಮಾಡ್ದೆ?"

ಸೀನ ಗೋಣಿಚೀಲ ಝಾಡಿಸಿ ಹಾಸಿದ, ಒಂದು ಎಳನೀರು ಕೆತ್ತಿ ಕೊಟ್ಟ. ಅಜ್ಜಿ ಅಲ್ಲೇ, ಆ ಬೈಯುವವರ ನಡುವೆಯೇ ಕುಳಿತಳು. ಅಪ್ಪ ದೂರದಿಂದ ಎಲ್ಲವನ್ನೂ ನೋಡಿದನೆಂದು ಕಾಣುತ್ತದೆ, ಚೆಂಡು ಗೆರೆ ದಾಟಿ ಹೋದರೂ ಊದಲಿಲ್ಲ.

ಆಮೇಲೆ ಆ ಮಂದಿಯ ಪಾಡು ಹೇಳತೀರದು. ಅಭ್ಯಾಸವಾದ ನಾಲಗೆ ಅವ್ವನ ಕಡೆಗೇ ಹೊರಳುವುದು, ಅಜ್ಜಿ ತಿರುಗಿ ನೋಡುವಳು, ಮಾತು ಅರ್ಧಕ್ಕೇ ನಿಲ್ಲುವುದು. "ಏ ರೆಫ್ರಿ, ನಿಮ್ಮ... ಕಣ್ಣು!" ಎಂದು ಒಬ್ಬ ಕೂಗಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಧಾನಕ್ಕೆ ನಾಲಗೆ ಕುದುರಿತು. "ಕಣ್ಣೇನು ಹುಣಸೆ ಬೀಜನೇನೋ!" ಎಂದು ಒಬ್ಬ, "ಫೋಟೋಕ್ಕೆ ಕಟ್ಟು ಹಾಕಿ ಹಾಕಿ ದೃಷ್ಟಿ ಚೌಕ ಆಗೈತೆ ಕಣ್ರಲೇ!" ಎಂದು ಇನ್ನೊಬ್ಬ. ಅದಕ್ಕೆ ಅಜ್ಜಿಯೇ ಚಪ್ಪಾಳೆ ತಟ್ಟಿದಳು. ಆಚೆ ಬದಿಯಲ್ಲಿದ್ದ ಹಿರಿಯೂರಿನವರು ಹಳೆಯ ಬೈಗುಳ ತೆಗೆದಾಗ ಸೀನ ಎದ್ದು ನಿಂತು ಗದರಿದ, "ಏ, ಅಜ್ಜಿ ಐದಾರೆ! ನೆಟ್ಟಗೆ ಬೈಯ್ರಿ!"

ವಿರಾಮ ಮುಗಿದ ಮೇಲೆ ನಮ್ಮವರು ಒಂದು ಗೋಲು ಹೊಡೆದರು. ಇನ್ನೇನು ಕಪ್ ನಮ್ಮದೇ ಎನ್ನುವಾಗ ನಮ್ಮ ಹುಡುಗನೊಬ್ಬ ಗೋಲಿನ ಮುಂದೆಯೇ ಹಿರಿಯೂರಿನವನ ಅಂಗಿ ಹಿಡಿದು ಎಳೆದ. ಸೀಟಿ ಕೇಳಿಸಿತು. ಅಪ್ಪ ಕೈ ಚಾಚಿ ಪೆನಾಲ್ಟಿ ಜಾಗ ತೋರಿಸುತ್ತಿದ್ದ.

ನಮ್ಮ ಬದಿಯವರೆಲ್ಲ ಎದ್ದರು. ಈ ಸಲ ಬೈಗುಳವೇ ಇಲ್ಲ. ಆ ಮೌನಕ್ಕೇ ನನಗೆ ಹೆದರಿಕೆಯಾಯಿತು. ಹಿಂದಿದ್ದ ಇಬ್ಬರು ಬಗ್ಗಿ ಕಲ್ಲು ಎತ್ತಿಕೊಂಡಿದ್ದನ್ನು ಕಂಡೆ. ಮುಂದಿನ ಸಾಲು ಗೆರೆ ದಾಟಿತು. ಆಗ ಎಲ್ಲರಿಗಿಂತ ಮುಂದೆ ಬಂದು ನಿಂತವಳು ಅಜ್ಜಿ.

"ಏ, ನಿನ್ ಕಣ್ಣಿಗೆ ಕೊಳ್ಳಿ ಇಕ್ಕ! ಗೆಲ್ಲೋ ಹೊತ್ನಾಗೆ ಊದ್ತೀಯೇನೋ ಪೀಪಿನಾ! ನಿನ್ ವಂಶ ಎಕ್ಕುಟ್ಟೋಗ!"

ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಬೆಳೆದ ಗಂಟಲು ಅದು. ಗೆರೆ ದಾಟಿದವರು ಅಲ್ಲೇ ನಿಂತರು. ಸೀನ ಮೆಲ್ಲಗೆ ಹೇಳಿದ, "ಅಜ್ಜಿ... ಅದು ನಿಮ್ದೇ ವಂಶ."

"ನಂದೇ ಕಣೋ, ಅದ್ಕೇ ನಾನ್ ಬೈದೆ. ನಿಮ್ದೇನು? ಕುಂತ್ಕಳ್ರಿ!"

ಮೊದಲು ನಕ್ಕವನು ಕಲ್ಲು ಹಿಡಿದವನೇ. ಆಮೇಲೆ ನಗು ಮೈದಾನ ಸುತ್ತಿತು, ಹಿರಿಯೂರಿನವರನ್ನೂ ಬಿಡಲಿಲ್ಲ. ಜನ ಹಿಂದೆ ಸರಿದು ಕುಳಿತರು, ನಿಜವಾಗಿಯೂ ಕುಳಿತರು. ಹಿರಿಯೂರಿನವನು ಒದ್ದ, ಗೋಲಾಯಿತು. ಎರಡೂ ತಂಡ ಸಮ. ಒಬ್ಬರೂ ಏಳಲಿಲ್ಲ.

ಆಟ ನಿಲ್ಲದೆ ಸಮವಾಗಿಯೇ ಮುಗಿದದ್ದರಿಂದ, ಗೆಲುವು ತೀರ್ಮಾನಿಸಲು ಹೆಚ್ಚಿನ ಸಮಯ ಸಿಕ್ಕಿತು. ಸೂರ್ಯ ಗುಡ್ಡದ ಮೇಲಿನ ಗಾಳಿಯಂತ್ರಗಳ ಹಿಂದೆ ಇಳಿಯುತ್ತಿದ್ದ. ನಮ್ಮ ತಂಡದ, ವೆಲ್ಡಿಂಗ್ ಅಂಗಡಿಯ ಇರ್ಫಾನ್ ಎಡಗಡೆಯಿಂದ ಇಬ್ಬರನ್ನು ದಾಟಿಕೊಂಡು ಬಂದು, ಬಿದ್ದುಕೊಂಡೇ ಒದ್ದ ಚೆಂಡು ಎರಡು ಕಂಬಗಳ ನಟ್ಟನಡುವೆ ಹೋಯಿತು. ಒಳಗೋ ಹೊರಗೋ ಎಂದು ಯಾರೂ ಜಗಳ ಮಾಡುವಂತಿರಲಿಲ್ಲ. ಅಪ್ಪ ಕೊನೆಯ ಸೀಟಿಯನ್ನು ಉಸಿರು ಇರುವಷ್ಟು ಹೊತ್ತು ಊದಿದ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಇರ್ಫಾನನನ್ನು ಹೆಗಲ ಮೇಲೆ ಹೊತ್ತರು. ಅಜ್ಜಿಯನ್ನೂ ಎತ್ತಲು ಬಂದಾಗ "ಮುಟ್ಟೀರಾ, ಜೋಕೆ!" ಎಂದಳು. ಕಡೆಗೆ ಸೀನನ ಗಾಡಿಯ ಮೇಲೆ ಎಳನೀರುಗಳ ನಡುವೆ ಕೂರಿಸಿಕೊಂಡು ಮೈದಾನ ಸುತ್ತಿಸಿದರು. ನಾನು ಗಾಡಿಯ ಹಿಡಿ ಹಿಡಿದು ಓಡಿದೆ. ಹಿರಿಯೂರಿನ ಹುಡುಗರು ನಮ್ಮವರ ಜೊತೆ ಮಂಡಕ್ಕಿ ತಿಂದೇ ಬಸ್ಸು ಹತ್ತಿದರು. ಒಂದು ಗಾಜೂ ಒಡೆಯಲಿಲ್ಲ.

ಅಪ್ಪ ಬೆವರು ಒರೆಸಿಕೊಳ್ಳುತ್ತಾ ಬಂದ. "ಏನವ್ವ, ವಂಶ ಎಕ್ಕುಟ್ಟೋಗ ಅಂದ್ಬಿಟ್ಯಲ್ಲ."

"ಆ ಹುಡ್ಗ ಅಂಗಿ ಎಳೆದಿದ್ದು ನಿಂಗೆ ಕಂಡ್ತಾ?"

"ಕಂಡ್ತವ್ವ."

"ಕಂಡ್ಮೇಲೆ ಊದಿದ್ದು ಸರಿ ಬಿಡು."

ಅಪ್ಪ ಮತ್ತೆ ಎಷ್ಟೋ ವರ್ಷ ಸೀಟಿ ಊದಿದ. ಕಣ್ಣು ಮಂಜಾಗುವವರೆಗೂ ಅಜ್ಜಿ ಹೋಗುತ್ತಿದ್ದಳು. ಆಟಗಾರರು ಮೈದಾನಕ್ಕೆ ಇಳಿಯುವ ಮೊದಲು "ಅಜ್ಜಿ ಬಂದವ್ರಾ?" ಎಂದು ಕೇಳುತ್ತಿದ್ದರು.

ಹೋದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಅದೇ ಮೈದಾನಕ್ಕೆ ಹೋಗಿದ್ದೆ. ಗೋಲಿಗೆ ಬಲೆ ಬಂದಿದೆ, ಕೂರಲು ಮೆಟ್ಟಿಲು ಬಂದಿವೆ. ನೋಡಲು ಬಂದವರು ಕಡಿಮೆ, ಬಂದವರಲ್ಲೂ ಗಂಟಲು ಬಿಚ್ಚಿ ಬೈಯುವವರು ಒಬ್ಬರೂ ಇರಲಿಲ್ಲ. ಪರವಾಗಿಲ್ಲವೇ, ಊರು ಎಷ್ಟು ಸಭ್ಯವಾಯಿತು ಎಂದುಕೊಂಡೆ. ಪಂದ್ಯವನ್ನು ಯಾರೋ ಫೋನಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಮಗಳು ನನ್ನ ಫೋನಿನಲ್ಲಿ ಅದನ್ನು ತೆರೆದು, ಕೆಳಗೆ ಸರಸರನೆ ಹರಿದುಹೋಗುತ್ತಿದ್ದ ನೋಡುಗರ ಮಾತುಗಳನ್ನು ಗಟ್ಟಿಯಾಗಿ ಓದತೊಡಗಿದಳು. ಓದುತ್ತಾ ಓದುತ್ತಾ ಫೋನನ್ನು ನನ್ನ ಕಡೆ ತಿರುಗಿಸಿದಳು.

"ಅಮ್ಮಾ, ರೆಫರಿಯ ಅಮ್ಮನಿಗೆ ಹೀಗೆಲ್ಲ ಬರೆದಿದಾರೆ. ಯಾರಿವರು?"

ಹೆಸರಿನ ಜಾಗದಲ್ಲಿ ಅಂಕಿಗಳಿದ್ದವು, ಮುಖದ ಜಾಗದಲ್ಲಿ ಹೂವು, ಹುಲಿ, ಸಿನಿಮಾ ನಟರು. ಮೈದಾನದ ಸುತ್ತ ಕಣ್ಣು ಹಾಯಿಸಿದೆ. ಎಲ್ಲರೂ ಫೋನಿಗೆ ಬಗ್ಗಿಕೊಂಡಿದ್ದರು. ಎದ್ದು ಹೋಗಿ ಯಾರ ಎದುರು ನಿಲ್ಲಬೇಕೋ ನನಗೆ ತಿಳಿಯಲಿಲ್ಲ.