ಟೈಪಿಂಗ್ ಅಕ್ಕನ ರಾಜಿಪತ್ರ

ಕೋರ್ಟಿನ ಎದುರಿನ ಮೊಗಸಾಲೆಯಲ್ಲಿ ಒಂದು ಮೇಜು ನನ್ನದು, ಸ್ಟಾಂಪ್ ಪೇಪರ್ ಮಾರುವುದಕ್ಕೆ. ಪಕ್ಕದ್ದು ಟೈಪಿಂಗ್ ಅಕ್ಕನದು. ಇಪ್ಪತ್ತಾರು ವರ್ಷ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತವರು ನಾವು. ಅವಳ ಇಂಗ್ಲಿಷಿಗೆ ವಕೀಲರೂ ತಲೆದೂಗುತ್ತಿದ್ದರು. ಇಂಗ್ಲಿಷ್ ಪದಗಳು ಯಾವಾಗಲೂ ಜೋಡಿಯಾಗಿಯೇ ಓಡಾಡುತ್ತವೆ ಎನ್ನುವುದು ಅವಳ ಪಾಠ.

“ಡ್ಯಾಮೇಜ್ ಅಂದ್ರೆ ಅದರ ಮುಂದೆ ಪರ್ಮನೆಂಟ್ ಬರ್ಬೇಕು ಕಣೆ. ಚೇಂಜ್ ಅಂದ್ರೆ ಲಾಸ್ಟಿಂಗ್, ಬಾಳಿಕೆ ಬರೋದು. ಅವುಗಳ ಜೋಡಿ ತಪ್ಪಿಸಿದ್ರೆ ಜಡ್ಜ್ ಸಾಹೇಬ್ರು ಮುಖ ಹುಳ್ಳಗೆ ಮಾಡ್ತಾರೆ.”

ಹೆಂಡತಿಗೆ ಹೊಡೆದು ಕೇಸು ಹಾಕಿಸಿಕೊಂಡ ಗಂಡಸರಿಗಾಗಿ ಅವಳ ಹತ್ತಿರ ಒಂದು ಸಿದ್ಧ ರಾಜಿಪತ್ರವಿತ್ತು. ‘ನನ್ನ ನಡತೆಯಲ್ಲಿ ಲಾಸ್ಟಿಂಗ್ ಚೇಂಜ್ ಆಗಿದೆ’ ಎಂಬ ಸಾಲೇ ಅದರ ಜೀವ. ಅದನ್ನು ಕಣ್ಣು ಮುಚ್ಚಿಕೊಂಡು ಟೈಪ್ ಹೊಡೆಯುತ್ತಿದ್ದಳು. ಗಂಡ ಸಹಿ ಹಾಕುತ್ತಿದ್ದ, ಹೆಂಡತಿ ಅವನ ಹಿಂದೆ ಮನೆಗೆ ಹೊರಡುತ್ತಿದ್ದಳು. ಆ ಹೆಂಗಸರಲ್ಲಿ ಎಷ್ಟು ಜನ ಮತ್ತೆ ಬ್ಯಾಂಡೇಜು ಸುತ್ತಿಕೊಂಡು ಬಂದರು ಎಂದು ನಾನು ಕೆದಕಿದರೆ, “ನಾನು ಬರೆಯೋಳು, ಅವರ ಮನೆ ಕಾಯೋಳಲ್ಲ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಕೊನೆಗೆ ಅವಳ ಮಗಳದೇ ಸರದಿ ಬಂತು. ಅಳಿಯ ನಲ್ಲಿ ರಿಪೇರಿಯವನು. ಊಟ ಆರಿಹೋಗಿದೆ ಎಂದು ಹೆಂಡತಿಯ ದವಡೆಗೆ ಗುದ್ದಿ ಮೂರು ಹಲ್ಲು ಉದುರಿಸಿದ. ಮಗಳು ತಾಯಿಯ ಮನೆಗೆ ಓಡಿಬಂದಳು.

“ಅಮ್ಮಾ, ಅವನು ನನ್ನ ಸಾಯಿಸ್ತಾನೆ. ನಾನು ಹೋಗಲ್ಲ.”

ವಾರ ಕಳೆಯುವಷ್ಟರಲ್ಲಿ ಆ ಮಹಾನುಭಾವ ಬಂದು ಅತ್ತೆಯ ಕಾಲಿಗೆ ಬಿದ್ದ. ಅಕ್ಕ ಕರಗಿಹೋದಳು. ಅದೇ ಪತ್ರ ಹೊಡೆದಳು, ನನಗೂ ಓದಿ ಹೇಳಿದಳು. ಊರವರಿಗೆಲ್ಲ ಬರೆದುಕೊಟ್ಟ ಸಾಲನ್ನು ಅವತ್ತು ತಾನೇ ನಂಬಿಬಿಟ್ಟಳು, ಹುಚ್ಚಿ! ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳಂತೆ. ಬೆರಳು ಬಿಡಿಸಿ ಕಳಿಸಿದವಳು ಇವಳೇ.

ಇಪ್ಪತ್ತು ದಿನಕ್ಕೆ ಅವನು ಪೈಪು ತಿರುಗಿಸುವ ಸ್ಪ್ಯಾನರಿನಿಂದ ಹೆಂಡತಿಯ ಮುಖಕ್ಕೆ ಹೊಡೆದ. ಎಡಗಣ್ಣು ಒಡೆದುಹೋಯಿತು. ಡಾಕ್ಟರು ಗೀಚಿದ ಗಾಯದ ವರದಿ ಟೈಪಿಗೆ ಬಂದದ್ದು ಅಕ್ಕನ ಮೇಜಿಗೇ. ‘ಪರ್ಮನೆಂಟ್ ಲಾಸ್’ ಎಂದು ಹೊಡೆದಳು. ಒಂದಕ್ಷರವೂ ತಪ್ಪಲಿಲ್ಲ. ಆಮೇಲೆ ಹೋಗಿ ಚರಂಡಿಯಲ್ಲಿ ವಾಂತಿ ಮಾಡಿಕೊಂಡಳು. ನಾನು ಬೆನ್ನು ಸವರಿದೆ, ನನಗೂ ಅಳು ತಡೆಯಲಾಗಲಿಲ್ಲ.

ಜಾಮೀನಿನ ಮೇಲೆ ಹೊರಬಂದ ಅಳಿಯ ನೆಟ್ಟಗೆ ಅಕ್ಕನ ಮೇಜಿಗೇ ಬಂದ. ಎಂಥ ಮುಖ ಅವನದು, ಥೂ!

“ಅತ್ತೆ, ಹೋದ ಸಲದ ಥರಾನೇ ಒಂದು ಹೊಡೆದುಕೊಡಿ. ಅವಳು ನಿಮ್ಮ ಮಾತು ಕೇಳ್ತಾಳೆ.”

“ಸಹಿ ಹಾಕು ಮೊದ್ಲು,” ಎಂದಳು ಅಕ್ಕ, ಖಾಲಿ ಹಾಳೆ ಸರಿಸಿ. ಅವನು ಬಲಗೈ ಊರಿ ಬಗ್ಗಿದ. ಅವಳು ಆ ಕಬ್ಬಿಣದ ಟೈಪ್‌ರೈಟರನ್ನು ಎದೆಯೆತ್ತರಕ್ಕೆ ಎತ್ತಿ ಅವನ ಬೆರಳುಗಳ ಮೇಲೆ ಬಿಟ್ಟಳು. ಮೂಳೆ ಲಟಲಟ ಮುರಿದದ್ದು ನನಗೆ ಕೇಳಿಸಿತು. ಅವನು ಕಿರುಚುತ್ತಿದ್ದಂತೆಯೇ ಇನ್ನೊಮ್ಮೆ ಎತ್ತಿದಳು. ನಾನು ತಡೆಯಬಹುದಿತ್ತು. ತಡೆಯಲಿಲ್ಲ.

ಅಕ್ಕನನ್ನು ಹಿಡಿದು ಕೂರಿಸಿದ್ದ ಪೊಲೀಸ್ ಠಾಣೆಗೆ ಮಗಳನ್ನು ನಾನೇ ಕರೆದುಕೊಂಡು ಹೋದೆ. ಕಣ್ಣಿಗೆ ಪಟ್ಟಿ, ಮುಖವೆಲ್ಲ ನೀಲಿ. ಅಕ್ಕ ಬೆಂಚಿನಿಂದ ಎದ್ದು ಬಂದು ಅವಳ ಗಲ್ಲ ಹಿಡಿದಳು.

“ಅವನ ಕೈ ಇನ್ಯಾವತ್ತೂ ನಿನ್ನ ಮೇಲೆ ಏಳಲ್ಲ, ಮಗಳೇ.”

ಮಗಳು ತಾಯಿಯ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

“ನಾನು ಹೋಗಲ್ಲ ಅಂದಾಗ ನೀನು ಹೂಂ ಅಂದಿದ್ರೆ ಸಾಕಿತ್ತಮ್ಮ.”