ರಾಕ್ಷಸರ ಕೈಪಿಡಿಯಲ್ಲಿ ನನ್ನಪ್ಪ

ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಆದರೆ ಆ ಪುಸ್ತಕ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆದೆ.

ಅದು ಯಾವುದೋ ಕಟ್ಟುಕಥೆಯ ಲೋಕದ ಕೈಪಿಡಿ. ಇಲ್ಲದ ರಾಜರ ವಂಶಾವಳಿ, ನಡೆಯದ ಯುದ್ಧಗಳ ಇಸವಿ, ಅಕಾರಾದಿಯಾಗಿ ರಾಕ್ಷಸರು, ಕೊನೆಗೊಂದು ಮಡಚಿಟ್ಟ ನಕ್ಷೆ. ಬರೆದ ಮಹಾನುಭಾವ ಎಲ್ಲವನ್ನೂ ನಮ್ಮ ಸೀಮೆಯಿಂದಲೇ ಎತ್ತಿದ್ದ. ಸಂಡೂರಿನ ಅದಿರಿನ ಧೂಳು ಅವನಿಗೆ ಒಣಗಿದ ನೆತ್ತರು, ದರೋಜಿಯ ಕರಡಿಗಳು ಕಾಲಾಳುಗಳು. ಹಾಳಾಗಿ ಹೋಗಲಿ, ಕರಡಿಗಳೇನೂ ಕೋರ್ಟಿಗೆ ಹೋಗುವುದಿಲ್ಲ. ಆದರೆ ನನ್ನಪ್ಪನನ್ನೂ ಬಿಡಲಿಲ್ಲ.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ನಮ್ಮ ಬಾಳೆತೋಟದಲ್ಲಿ ಅಪ್ಪನ ಸಮಾಧಿಯಿದೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಹೂಳುತ್ತೇವೆ. ಅದರ ಮಗ್ಗುಲಲ್ಲೇ ಅವ್ವ ತನಗೊಂದಿಷ್ಟು ಜಾಗ ಬಿಡಿಸಿಕೊಂಡಿದ್ದಳು. ಅಲ್ಲಿ ಬಾಳೆ ಹಚ್ಚಲು ಹೋದ ಆಳಿಗೆ, "ಅದು ನಂದೈತಪ್ಪ, ಬಿಡು" ಎಂದಿದ್ದಳು.

ಆ ಲೇಖಕ ಕ್ಯಾಮೆರಾ ಹಿಡಿದು ಬಂದ ದಿನ ಅವ್ವ ತೋಟದಲ್ಲೇ ಇದ್ದಳು. ಇದು ಯಾರ ಸಮಾಧಿ ಅಂತ ಕೇಳಿದನಂತೆ. "ನಮ್ಮ ಮನಿಯವ್ರದ್ರಿ. ಒಳಗ ಕುಂತಾರ" ಎಂದಳು ಅವ್ವ. ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದಾರೆ ಎನ್ನುವ ಹಾಗೆಯೇ ಅವಳು ಯಾವಾಗಲೂ ಅದನ್ನು ಹೇಳುವುದು. ಅವನು ಅವ್ವ ಕೊಟ್ಟ ವಗ್ಗರಣೆ ಮಂಡಕ್ಕಿ ತಿಂದು, ನೀರು ಕುಡಿದು, ಫೋಟೋ ತೆಗೆದುಕೊಂಡು ಹೋದ.

ವರ್ಷ ಕಳೆದಿರಬೇಕು. ಒಂದು ಸೋಮವಾರ ಅವ್ವನ ಜೊತೆ ಪೂಜೆಗೆ ಹೋದರೆ ಸಮಾಧಿಯ ಮೇಲೆ ಒಡೆದ ಮೊಟ್ಟೆ. ಬಿಸಿಲಿಗೆ ಕಲ್ಲಿಗಂಟಿ ಗಬ್ಬು ನಾರುತ್ತಿತ್ತು, ಮೇಲೆ ನೊಣಗಳ ಸಂತೆ. ಪಕ್ಕದಲ್ಲಿ ಬ್ರಾಂದಿ ಸುರಿದ ಕಲೆ. ನನಗೆ ಅಲ್ಲೇ ವಾಂತಿಯಾಯಿತು. ಅವ್ವ ಮೂಗು ಕೂಡ ಮುಚ್ಚಿಕೊಳ್ಳದೆ ಉಗುರಿನಿಂದ ಕೆರೆದು ಕೆರೆದು ತೆಗೆದು, ಸಗಣಿ ನೀರು ಹಾಕಿ ತೊಳೆದಳು. ಮುಂದಿನ ವಾರವೂ ಅದೇ ಹೊಲಸು.

ಕಾದು ಹಿಡಿದೆ. ಇಬ್ಬರು ಹುಡುಗರು, ಒಳ್ಳೆಯ ಮನೆತನದವರಂತೆಯೇ ಇದ್ದರು. ಒಬ್ಬ ಸಮಾಧಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಇನ್ನೊಬ್ಬ ಆ ಪುಸ್ತಕ ಹಿಡಿದು ವಿಡಿಯೋ ಮಾಡುತ್ತಿದ್ದ.

"ಇಳೀಲೇ ಕೆಳಗ" ಎಂದೆ.

"ಬುಕ್ಕಲ್ಲಿರೋ ಜಾಗ ಸರ್ ಇದು. ಸಿಟ್ಟು ಯಾಕೆ? ಎಲ್ಲಾ ಕಾಲ್ಪನಿಕ."

ಪುಸ್ತಕ ಕಸಿದುಕೊಂಡೆ. ನಮ್ಮದೇ ತೋಟದ ಫೋಟೋ. ಕೆಳಗೆ: ಕೂತಲ್ಲೇ ಹೂಳಲ್ಪಟ್ಟ ರಾಕ್ಷಸ. ಅವನ ಆಹಾರ ಹಸಿ ಮೊಟ್ಟೆ ಮತ್ತು ಮದ್ಯ. ಉಣಿಸಿ ನೆತ್ತಿಯ ಮೇಲೆ ಕೂತವರಿಗೆ ಅವನ ಬಲ ಬರುತ್ತದೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿಕೊಂಡಿದ್ದ ಮನುಷ್ಯ ನನ್ನಪ್ಪ. ಮೊಟ್ಟೆ ಬೇಯಿಸಿದ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಬಲವಂತೆ ಬಲ! ಮೂಟೆ ಎತ್ತಿ ಎತ್ತಿ ಅವರ ಸೊಂಟವೇ ಹೋಗಿತ್ತು.

ಲೇಖಕನಿಗೆ ಫೋನ್ ಮಾಡಿದೆ. ಅವನು ಬೆಣ್ಣೆಯಂಥ ದನಿಯಲ್ಲಿ, "ಮುಂದಿನ ಮುದ್ರಣದಲ್ಲಿ ನಿಮ್ಮ ತಾಯಿಯವರಿಗೆ ಕೃತಜ್ಞತೆ ಹಾಕ್ತೀವಿ ಸರ್" ಎಂದ. ಥೂ. ನಾನು ಬೈದದ್ದನ್ನು ಇಲ್ಲಿ ಬರೆಯಲಾಗದು.

ತಂತಿಬೇಲಿ ಹಾಕಿಸಿದೆ. ಅದನ್ನೂ ಹಾರಿ ಬಂದರು. ಆ ಸೋಮವಾರ ಕಲ್ಲು ತೊಳೆಯುತ್ತಿದ್ದ ಅವ್ವ, ಪುಸ್ತಕದಲ್ಲಿ ಏನು ಬರೆದಿದ್ದಾರೆ ಅಂತ ಕೇಳಿದಳು. ಅಲ್ಲಿಯವರೆಗೂ ಹಾರಿಕೆಯ ಉತ್ತರ ಕೊಡುತ್ತಿದ್ದೆ. ಅವತ್ತು ಹೇಳಿಬಿಟ್ಟೆ.

"ಕುಂತಾರ ಅಂತ ಹೇಳಿದಾಕಿ ನಾನ" ಎಂದಳು.

"ನಿನ್ನ ತಪ್ಪಲ್ಲ ಬಿಡವ್ವಾ."

ಅವಳು ಕೈ ತೊಳೆದು, ತನಗೆಂದು ಬಿಡಿಸಿದ್ದ ಆ ಜಾಗದ ಕಡೆ ಕೈ ತೋರಿಸಿದಳು.

"ಇಲ್ಲಿ ಬಾಳಿ ಹಚ್ಚಿಸು" ಎಂದಳು. "ನನ್ನ ಸುಟ್ಟಬಿಡ್ರಿ."